ಹೊಳೆಗೆ ಬಿಟ್ಟ ಜೆರ್ಸಿ

ಪವಿತ್ರಾಳೊಡನೆ ನನ್ನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ನೆಲ್ಯಹುದಿಕೇರಿಯ ನಿವೃತ್ತ ದೈಹಿಕ ಶಿಕ್ಷಕ ಜಯಪ್ರಕಾಶ್. ಎರಡು ಸಲ ಆಕೆ ಒಲ್ಲೆನೆಂದಳು. ಮೂರನೆಯ ಸಲ, ತನ್ನ ಜೆರಾಕ್ಸ್ ಅಂಗಡಿಗೇ ಬರಬಹುದು, ಆದರೆ ಶಾಲೆಮಕ್ಕಳ ಗಲಾಟೆ ಮುಗಿದ ಮೇಲೆ ಎಂದು ಹೇಳಿ ಕಳುಹಿಸಿದಳು. ಜೊತೆಗೊಂದು ಷರತ್ತು: “ಹವ್ಯಾಸ ಅಂತ ಮಾತ್ರ ಬರೀಬಾರ್ದು ಅಂತ ಹೇಳಿ ಸರ್. ಆ ಮಾತು ಕೇಳಿದ್ರೇ ವಾಕರಿಕೆ ಬರ್ತದೆ.”

ಒಂದು ಕಾಲಕ್ಕೆ ಅದು ಹವ್ಯಾಸಕ್ಕಿಂತ ಹೆಚ್ಚಿನದಾಗಿತ್ತು. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಪವಿತ್ರಾ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಂದಿನಿಂದ ಫುಟ್‌ಬಾಲ್ ಕಾರ್ಡುಗಳನ್ನು ಕೂಡಿಡುತ್ತ ಬಂದವಳು. ಇಸ್ಪೀಟೆಲೆಯಷ್ಟು ದೊಡ್ಡ ರಟ್ಟು. ಒಂದು ಬದಿಗೆ ಆಟಗಾರನ ಚಿತ್ರ, ಇನ್ನೊಂದು ಬದಿಗೆ ಅವನ ಆಟದ ವಿವರ. ಮೇಲ್ದರ್ಜೆಯವುಗಳಲ್ಲಿ ಅವನ ಕೈಯ ರುಜುವೇ ಇರುತ್ತದೆ. ಅದಕ್ಕೂ ಅಪರೂಪದವುಗಳಲ್ಲಿ ನಡುವೆ ಕಿಟಕಿ ಕೊರೆದು, ಅವನು ತೊಟ್ಟು ಆಡಿದ ಜೆರ್ಸಿಯ ಸಣ್ಣ ಚೌಕವೊಂದನ್ನು ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟುಗಳಿಗೂ ಬೂಷ್ಟು ಹಿಡಿಯುವ ಊರು. ಅವಳ ಕಾರ್ಡುಗಳು ಮಾತ್ರ ಇದ್ದಿಲು ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಬೆಚ್ಚಗಿರುತ್ತಿದ್ದವು.

“ನನ್ನ ಅಂಗಿಗೆ ಬೂಷ್ಟು ಹಿಡಿದ್ರೆ ಕೇಳೋರಿಲ್ಲ, ಯಾರದೋ ಬೆವರಿನ ಚಿಂದಿಗೆ ಅಡ್ಡಪಲ್ಲಕ್ಕಿ!” ಎಂದು ಗಂಡ ರಾಜು ಚುಚ್ಚುತ್ತಿದ್ದ.

“ನೀವೂ ಒಂದು ಗೋಲು ಹೊಡೀರಿ, ನಿಮ್ಮ ಅಂಗಿನೂ ಡಬ್ಬಿಗೆ ಹಾಕ್ತೀನಿ,” ಎನ್ನುತ್ತಿದ್ದಳು ಅವಳು.

ದೂರದೇಶದ ಆಟಗಾರರ ಕಾರ್ಡುಗಳೆಷ್ಟಿದ್ದರೂ ಅವಳ ಮನಸ್ಸಿನಲ್ಲಿದ್ದ ಆಟಗಾರ ಅದೇ ಲೈನ್ ಮನೆಗಳ ಬೀರ. ಹಗಲು ಏಣಿ ಹತ್ತಿ ಕರಿಮೆಣಸು ಕೊಯ್ಯುವ ಆಳು. ಸಂಜೆಯ ಏಳು ಮಂದಿಯ ಪಂದ್ಯಗಳಲ್ಲಿ ಎಸ್ಟೇಟ್ ತಂಡದ ಗೋಲ್‌ಕೀಪರ್. ೨೦೨೪ರ ಆಗಸ್ಟಿನಲ್ಲಿ ಕಾಮಾಲೆ ತಿರುಗಿ ತೀರಿಕೊಂಡ. ಅಕ್ಟೋಬರಿನಲ್ಲಿ ಸಂಪಾಜೆಯ ಮಿಲನ್ ಎಂಬವನು ಕೊಡಗಿನ ಆಟಗಾರರ ಕಾರ್ಡುಗಳನ್ನು ತಾನೇ ಅಚ್ಚುಹಾಕಿಸಿ, ಸಂಗ್ರಹಕಾರರ ವಾಟ್ಸಾಪ್ ಗುಂಪಿನಲ್ಲಿ ಮಾರಾಟಕ್ಕಿಟ್ಟ. ಪಂದ್ಯಗಳಲ್ಲಿ ಮೈಕ್ ಹಿಡಿದು ವೀಕ್ಷಕ ವಿವರಣೆ ಹೇಳುತ್ತಿದ್ದ ಮಿಲನ್, ಬೀರ ಬದುಕಿದ್ದಾಗಲೇ ಸ್ಟಿಕ್ಕರ್ ಹಾಳೆಯ ಮೇಲೆ ಅವನ ರುಜು ಹಾಕಿಸಿಕೊಂಡಿದ್ದ. ರುಜುವಿನ ಪಕ್ಕದಲ್ಲೇ ಹಳದಿ ಜೆರ್ಸಿಯ ಚೌಕ. ಅದರಲ್ಲೊಂದು ಹಸಿರು ನೂಲಿನ ಹೊಲಿಗೆ.

ಕಾರ್ಡು ಕೈಗೆ ಬಂದ ದಿನ ಪವಿತ್ರಾ ಅದನ್ನು ಮೂಗಿಗೆ ಹಿಡಿದಳು. ಕೆಸರಿನ ವಾಸನೆ. ಮೈದಾನದ ಕೆಸರೆಂದೇ ತಿಳಿದು ಹಿಗ್ಗಿದಳು. ಬೀರನ ಹೆಂಡತಿ ಬೆಳ್ಳಮ್ಮ ನೋಡಿದರೆ ಎಷ್ಟು ಸಂತೋಷಪಟ್ಟಾಳೆಂದು, ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀರನ ಮನೆಗೆ ನಡೆದಳು.

ಬೆಳ್ಳಮ್ಮ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಕಾರ್ಡನ್ನು ಬೆಳಕಿಗೆ ಹಿಡಿದು, ಹಸಿರು ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಈ ಹೊಲಿಗೆ ನಾನು ಹಾಕಿದ್ದು ಪವಿ. ಹಳದಿ ನೂಲು ಇರ್ಲಿಲ್ಲ. ಎಲ್ಲಿ ಸಿಕ್ತು ನಿಂಗೆ?”

“ನೀವೇ ಮಿಲನ್‌ಗೆ ಕೊಟ್ಟಿದ್ದಲ್ವಾ ಬೆಳ್ಳಕ್ಕ?”

“ನಾನ್ಯಾಕೆ ಕೊಡ್ಲಿ? ತಿಥಿ ದಿನ ಹೊಳೆಗೆ ಬಿಟ್ಟೆ.”

ಬಿಡುವ ಕ್ರಮ ಆ ಲೈನಿನವರಿಗೆಲ್ಲ ಗೊತ್ತು. ಸತ್ತವರು ಮೆಚ್ಚಿ ತೊಡುತ್ತಿದ್ದ ಬಟ್ಟೆಯನ್ನು ನೀರಂಚಿನ ಕಲ್ಲಿನ ಮೇಲಿಟ್ಟು, ತಿರುಗಿ ನೋಡದೆ ಮನೆಗೆ ಬರಬೇಕು. ಏರುವ ನೀರು ಅದನ್ನು ಒಯ್ಯುತ್ತದೆ; ಅದನ್ನು ತೊಟ್ಟೇ ಸತ್ತವರು ಆಚೆದಡಕ್ಕೆ ದಾಟುತ್ತಾರೆಂಬ ನಂಬಿಕೆ. ತಿರುಗಿ ನೋಡುವವರೇ ಇಲ್ಲದ ಕಡೆ ಕಳ್ಳನಿಗೆ ಅಂಜಿಕೆ ಯಾಕೆ? ಮಿಲನ್ ಅಂದು ತಿಥಿಯೂಟಕ್ಕೆ ಬಂದಿದ್ದ. ಎರಡು ಸಲ ಪಾಯಸ ಹಾಕಿಸಿಕೊಂಡಿದ್ದನ್ನು ಬಡಿಸಿದ ಬೆಳ್ಳಮ್ಮನೇ ನೆನಪಿಸಿಕೊಂಡಳು.

“ತುಂಡು ತುಂಡು ಮಾಡಿದ್ರೆ ಅವ್ರು ದಾಟೋದು ಹೆಂಗೆ ಮಗ?” ಎಂದಳು. “ತಂದುಕೊಡು. ಎಷ್ಟಾದ್ರೂ ಸರಿ, ತಂದುಕೊಡು.”

ಪವಿತ್ರಾ ಬೇಲಿಯಾಚೆಗೆ ಹೋಗಿ ಕಾರಿಕೊಂಡಳು. ಮೂಗಿಗೆ ಹಿಡಿದದ್ದು ಮೈದಾನದ ಕೆಸರಲ್ಲ, ತಿಥಿಯ ಕಲ್ಲಿನ ಕೆಸರು.

ಮರುದಿನವೇ ಬಸ್ಸು ಹತ್ತಿ ಸಂಪಾಜೆಗೆ ಹೋದಳು. ಮಿಲನ್ ಜಗಲಿಯಲ್ಲಿ ಕುಳಿತು ಬೇರೊಂದು ಜೆರ್ಸಿಯನ್ನು ಚೌಕ ಚೌಕವಾಗಿ ಕತ್ತರಿಸುತ್ತಿದ್ದ. ಪಕ್ಕದ ತಟ್ಟೆಯಲ್ಲಿ ತಲೆ ತೆಗೆದ ಒಣಮೀನು. ಎರಡಕ್ಕೂ ಒಂದೇ ಕತ್ತರಿ. ಅದರ ಅಲಗಿಗೆ ಮೀನಿನ ಹುರುಪೆ ಅಂಟಿತ್ತು.

“ತಿಥಿ ಊಟ ಉಂಡು ಸತ್ತವನ ಬಟ್ಟೆ ಕದ್ರಲ್ಲ, ಗಂಟಲಲ್ಲಿ ಇಳೀತಾ?”

“ಕದ್ದದ್ದು ಎಂತದು ಮಾರಾಯ್ತಿ? ನೀರಿಗೆ ಬಿಟ್ಟದ್ದು ಯಾರ ಅಪ್ಪಂದು? ನಾನು ತೆಗೀದಿದ್ರೆ ಅದು ಮೀನಿಗೆ. ಈಗ ಬೀರ ಹತ್ತು ಜನರ ಮನೇಲಿ ಉಂಟು.” ಅವನು ನಕ್ಕ. “ಮತ್ತೆ ನಿಮ್ಮಂಥವರು ‘ಬೆವರಿನ ಕಲೆ ಇರೋದೇ ಬೇಕು’ ಅಂತ ಕೇಳದಿದ್ರೆ ನಾನು ಕತ್ತರಿಸ್ತಿದ್ನಾ? ಮೆಸೇಜು ತೋರಿಸ್ಲಾ?”

ತೋರಿಸಬೇಕಾಗಿರಲಿಲ್ಲ. ಆ ಮೆಸೇಜು ಕಳಿಸಿದ್ದು ಅವಳೇ.

ಚೌಕಗಳೆಲ್ಲ ಮಾರಾಟವಾಗಿ, ಕುಶಾಲನಗರದಿಂದ ಮಂಗಳೂರು, ಕಲ್ಲಿಕೋಟೆವರೆಗೂ ಸೇರಿಯಾಗಿತ್ತು. ಯಾರಿಗೂ ಬೇಡವಾದ ಕಾಲರು ಮತ್ತು ಅಂಚನ್ನು ಅವನು ಕಾಲಿನಿಂದಲೇ ಅವಳತ್ತ ತಳ್ಳಿದ. ಅವಳು ಬಗ್ಗಿ ಆಯ್ದುಕೊಂಡಳು. ಬಸ್ಸಿನಲ್ಲಿ ಕೂತು ಗುಂಪಿಗೆ ಎಲ್ಲವನ್ನೂ ಬರೆದು, ಬೀರನ ಚೌಕಗಳನ್ನು ಹಿಂದಿರುಗಿಸಿರೆಂದು ಬೇಡಿಕೊಂಡಳು. ಕುಶಾಲನಗರದ ನವ್ಯಾ ಎಂಬ ಹುಡುಗಿಯೊಬ್ಬಳು ಮಾತ್ರ ಮರುಮಾತಿಲ್ಲದೆ ತನ್ನ ಕಾರ್ಡನ್ನು ಅಂಗಡಿಗೆ ತಂದುಕೊಟ್ಟಳು. ಮಂಗಳೂರಿನವನೊಬ್ಬ ಫೋನು ಮಾಡಿ ಅಭಿನಂದಿಸಿದ: “ನೀವು ಹೊಳೆಗೆ ಬಿಟ್ಟಷ್ಟೂ ನನ್ನದು ಅಪರೂಪ ಆಗ್ತದೆ ಅಕ್ಕ. ಥ್ಯಾಂಕ್ಸ್.” ನಗುವಿನ ಇಮೋಜಿಗಳು ಆ ದಿನವಿಡೀ ಬರುತ್ತಲೇ ಇದ್ದವು.

ನವ್ಯಾ ಕಾರ್ಡು ಕೊಟ್ಟುಹೋದ ಸಂಜೆ ಮನೆಗೆ ಬಂದು ಡಬ್ಬಿ ತೆರೆದಳು. ಪ್ರತಿ ಕಿಟಕಿಯ ಚಿಂದಿಯೂ ಯಾರದೋ ಮೈಯಿಂದ ಸುಲಿದ ಚಕ್ಕಳದಂತೆ ಕಂಡಿತು. ಇದು ಯಾವ ಕಲ್ಲಿನ ಮೇಲಿನದು, ಯಾರನ್ನು ಕೇಳಿ ಕತ್ತರಿಸಿದ್ದು? ಮುಟ್ಟಲಾಗಲಿಲ್ಲ. ಇಕ್ಕಳದಿಂದ ಬೀರನ ಕಾರ್ಡೊಂದನ್ನೇ ಎತ್ತಿಕೊಂಡು, ಅಂಗಡಿಯಲ್ಲಿ ಲ್ಯಾಮಿನೇಷನ್ ಕತ್ತರಿಸುವ ಬ್ಲೇಡಿನಿಂದ ಸೀಳಿದಳು. ಅಂಟು ಬಲವಾಗಿತ್ತು. ರುಜು ಅಡ್ಡಡ್ಡ ಹರಿದುಹೋಯಿತು. ನವ್ಯಾಳ ಕಾರ್ಡಿನ ಚೌಕವನ್ನೂ ಹಾಗೆಯೇ ಬಿಡಿಸಿದಳು. ಮಿಕ್ಕ ಡಬ್ಬಿಯನ್ನು ರಾಜುವೇ ದನದ ಹಟ್ಟಿಯ ಹಿಂದೆ ಒಯ್ದಿಟ್ಟ.

ದಾಖಲೆ: ೨೦೨೪ರ ನವೆಂಬರ್ ೧೭, ಭಾನುವಾರ. ಬೀರನ ಜೆರ್ಸಿಯ ಕಾಲರು, ಅಂಚು ಮತ್ತು ಎರಡು ಚೌಕಗಳನ್ನು ಬೆಳ್ಳಮ್ಮ ಮತ್ತು ಪವಿತ್ರಾ ನೆಲ್ಯಹುದಿಕೇರಿಯಲ್ಲಿ ಕಾವೇರಿಗೆ ಬಿಟ್ಟರು. ಉಳಿದ ಚೌಕಗಳು ಹಿಂದಿರುಗಿಲ್ಲ.