ತಡವಾಗಿ ಬಂದ ಅಳು

ನಮ್ಮ ಸಭೆಯ ಉಪದೇಶಿಗಳ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಒಂದು ಉದುರಿ ಹೊಸದು ಬರುವಷ್ಟರಲ್ಲಿ ಅದರ ಮೇಲೆ ಮತ್ತೆ ಸುತ್ತಿಗೆ ಬಿದ್ದಿರುತ್ತಿತ್ತು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಚದುರಿಕೊಂಡಿದ್ದ ನಮ್ಮ ಹತ್ತಿಪ್ಪತ್ತು ಕ್ರೈಸ್ತ ಮನೆಗಳಲ್ಲಿ ಯಾರೇ ತೀರಿಕೊಂಡರೂ ಶವಪೆಟ್ಟಿಗೆಯನ್ನು ಅವರೇ ಬಡಿಯುತ್ತಿದ್ದರು. ಊರ ಬಡಿಗೇರರಿಗೆ ಬಂಡಿ, ಬಾಗಿಲು ಮಾಡಿ ಗೊತ್ತು. ಮನುಷ್ಯನಿಗೆ ಪೆಟ್ಟಿಗೆ ಮಾಡಿ ಗೊತ್ತಿರಲಿಲ್ಲ. ಉಪದೇಶಿಗಳಿಗೂ ಗೊತ್ತಿರಲಿಲ್ಲ ಎನ್ನುವುದನ್ನು ಆ ಹೆಬ್ಬೆರಳೇ ಹೇಳುತ್ತಿತ್ತು.

ಧಾರವಾಡದ ಕಡೆಯಿಂದ ಪಾದ್ರಿಗಳು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಉಳಿದಂತೆ ರವಿವಾರದ ಪ್ರಾರ್ಥನೆ, ಮದುವೆಯ ಮಾತುಕತೆ, ಜಗಳ ಬಿಡಿಸುವುದು, ಮಣ್ಣು ಮಾಡುವುದು ಎಲ್ಲವೂ ಉಪದೇಶಿಗಳ ಪಾಲು. ಹಾನಗಲ್ಲಿನಿಂದ ಅಕ್ಕಿಆಲೂರಿನ ನಮ್ಮ ಮನೆಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅವರ ಪ್ರಾರ್ಥನೆ ಬಲು ಉದ್ದ. ಒಲೆಯ ಮೇಲಿನ ಸಾರು ಕುದ್ದು ಘಮ ಬಂದರೆ ಮಾತ್ರ ಆಮೆನ್ ಬೇಗ ಬರುತ್ತಿತ್ತು. “ಹಸಿವಿ ಮುಂದ ನಾನೂ ಮನಶ್ಯಾನ ಅಲ್ರಿ,” ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ, ಎಂಟು ವರ್ಷದ ನನ್ನ ತಮ್ಮ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ನಮ್ಮ ಕಡೆ ಹೆಂಗಸರು ಬರಿದೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಉಂಡದ್ದು, ಆಡಿದ್ದು, ಬೈಸಿಕೊಂಡದ್ದು ಎಲ್ಲವೂ ಆ ಹಾಡಿನೊಳಗೆ ಬರುತ್ತದೆ. ನಾವು ಕ್ರೈಸ್ತರಾಗಿ ಎರಡು ತಲೆಮಾರು ಕಳೆದಿದ್ದರೂ ಅವ್ವನ ಬಾಯಲ್ಲಿ ಆ ಹಾಡು ಉಳಿದಿತ್ತು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಎರಡು ಸಾಲು ಎತ್ತಿದ್ದಳಷ್ಟೆ. ಅಂಗಳದಲ್ಲಿ ಪೆಟ್ಟಿಗೆ ಬಡಿಯುತ್ತಿದ್ದ ಉಪದೇಶಿಗಳು ಸುತ್ತಿಗೆ ಕೆಳಗಿಟ್ಟು ಒಳಗೆ ಬಂದರು.

“ಬ್ಯಾಡ ತಂಗೆವ್ವಾ. ಹಂಗ ಅಳೋದು ನಂಬಿಕಿ ಇಲ್ಲದವರು. ಕೂಸು ದೇವರ ಕಡೆ ಹೋಗೈತಿ. ನೀ ಅತ್ರ ಆ ಮಾತು ಸುಳ್ಳು ಅಂದಂಗ ಆಕ್ಕೈತಿ.”

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗ ನಿಂತ ಅಳು ನಿಂತೇ ಹೋಯಿತು. ಮಣ್ಣು ಕೊಡುವಾಗಲೂ ಅಳಲಿಲ್ಲ. ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದವಳು ಹಾಡುವುದನ್ನೂ ಬಿಟ್ಟಳು. ಯಾರಾದರೂ ತಮ್ಮನ ಹೆಸರೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಬೇರೆ ಊರಿನ ಪ್ರಾರ್ಥನೆಗಳಲ್ಲಿ ಉಪದೇಶಿಗಳು ಅವಳನ್ನು ಗಟ್ಟಿ ನಂಬಿಕೆಯ ಹೆಣ್ಣುಮಗಳೆಂದು ಹೊಗಳಿದರಂತೆ. ನನಗಾಗ ಹನ್ನೆರಡು ವರ್ಷ. ಮಗನ ಜೊತೆ ಅವ್ವನೂ ಹೋದಳು ಎಂದೇ ನನಗನಿಸಿತ್ತು. ಉಪದೇಶಿಗಳ ಕಪ್ಪು ಉಗುರಿನ ಮೇಲೆ ಇನ್ನೊಂದು ಪೆಟ್ಟು ಬೀಳಲಿ ಎಂದು ಪ್ರಾರ್ಥನೆಯ ಹೊತ್ತಿನಲ್ಲೇ ಬೇಡಿಕೊಂಡವಳು ನಾನು.

ಐದು ವರ್ಷದ ಮೇಲೆ ಅವರ ಹೆಂಡತಿ ತೀರಿಕೊಂಡರು. ನಾನೂ ಅವ್ವನೂ ಬಸ್ಸು ಹಿಡಿದು ಹಾನಗಲ್ಲಿಗೆ ಹೋದೆವು. ಆ ಪೆಟ್ಟಿಗೆಯನ್ನೂ ಅವರೇ ಬಡಿದಿದ್ದರು. ಪಾದ್ರಿಗಳಿಗೆ ಬರಲಾಗದ್ದರಿಂದ ಸತ್ಯವೇದವನ್ನೂ ಅವರೇ ತೆರೆದರು. ಸತ್ತವರಿಗಾಗಿ ದುಃಖಿಸುವವರಿಗೆ ಯೇಸುವಿನ ದೂತ ಪೌಲನು ಬರೆದ ಬುದ್ಧಿಮಾತು ಅವರಿಗೆ ಬಾಯಿಪಾಠವಾಗಿತ್ತು. ಆದರೂ ಅರ್ಧಕ್ಕೇ ನಿಂತರು. ಪುಟ ತಿರುವಿ ಲಾಜರನ ಕಥೆಗೆ ಹೋದರು. ಸತ್ತು ನಾಲ್ಕು ದಿನವಾದ ಗೆಳೆಯನನ್ನು ಎಬ್ಬಿಸಲೆಂದೇ ಬಂದ ಯೇಸು, ಅವನ ಅಕ್ಕತಂಗಿಯರ ಗೋಳು ಕಂಡು ತಾನೂ ಅತ್ತ ಎಂಬಲ್ಲಿಗೆ ಬಂದರು. ಅದೇ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಪುಸ್ತಕ ಮುಚ್ಚಿ, ಪೆಟ್ಟಿಗೆಯ ಮೇಲೆ ತಲೆಯಿಟ್ಟು, ಓಣಿಗೆಲ್ಲ ಕೇಳುವಂತೆ ಅತ್ತರು. ನ್ಯಾಯವಾಗಿ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವ್ವ ಮಾತ್ರ ಒಣಗಣ್ಣಿನಲ್ಲಿ ನೋಡುತ್ತ ಕುಳಿತಿದ್ದಳು.

ವಾರ ಕಳೆಯುವುದರೊಳಗೆ ಉಪದೇಶಿಗಳ ಸೈಕಲ್ ನಮ್ಮ ಬಾಗಿಲಿಗೆ ಬಂತು. ಅಂದು ರವಿವಾರವಲ್ಲ. ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಕುರ್ಚಿ ಕೊಟ್ಟರೂ ಕೂರದೆ ಅವಳೆದುರು ನೆಲದ ಮೇಲೆ ಕುಳಿತರು.

“ತಂಗೆವ್ವಾ, ಆವತ್ತ ನಿನ್ನ ಅಳು ನಾ ನಿಲ್ಲಿಸಿದೆ. ನಂದು ತಪ್ಪಾತು. ಅಳಬ್ಯಾಡ್ರಿ ಅಂತ ಪೌಲ ಬರದಿಲ್ಲ. ನಿರೀಕ್ಷೆ ಇಲ್ಲದವರಂಗ ಅಳಬ್ಯಾಡ್ರಿ ಅಂತ ಬರದಾನ. ಮೂವತ್ತ ವರ್ಷ ಅರ್ಧಾ ಮಾತ ಹಿಡಕೊಂಡು ತಿರುಗೇನಿ. ಸತ್ತವನ್ನ ಎಬ್ಬಸೂ ಶಕ್ತಿ ಇದ್ದಾತನ ಮದಲ ಅತ್ತಾನ. ನಿನ್ನ ತಡಿಯಾಕ ನಾ ಯಾರವ್ವಾ?”

ಅವ್ವ ತಲೆಯೆತ್ತದೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. “ಈಗ ಬರೂದಿಲ್ರಿ ಉಪದೇಶ್ಯಾರ. ಬತ್ತಿ ಹೋಗೈತಿ.”

ಅವರೂ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. “ಹಂಗಾರ ಹುಡುಗನ ಸುದ್ದಿ ಹೇಳು. ನಾ ಕೇಳತೇನಿ.”

“ಏನ ಹೇಳ್ಲಿ... ಮಂಡಕ್ಕಿ ಅಂದ್ರ ಜೀವಾ ಬಿಡತಿದ್ದ. ಸಂತಿ ದಿನ ಕಿಸೆ ತುಂಬ ತುಂಬಕೊಂಡು ಬಂದು ಮನಿ ತುಂಬ ಚೆಲ್ಲತಿದ್ದ.” ಅವ್ವನ ಕೈ ನಿಂತಿತು. “ಕಿಸೆ ಹರಕೊಂಡ ಬಂದಾನಂತ ಬಡದೇನ್ರಿ. ಜ್ವರ ಬರೂ ಹಿಂದಿನ ದಿನಾನ ಬಡದೇನಿ.”

ಆ ಮಾತನ್ನು ಅವ್ವ ಅಲ್ಲಿಯವರೆಗೆ ಅಪ್ಪನಿಗೂ ಹೇಳಿರಲಿಲ್ಲ. “ಬಡದೇನಿ” ಎಂಬಲ್ಲೇ ಅವಳ ದನಿ ಎಳೆಯಿತು, ಎಳೆದದ್ದು ಹಾಡಾಯಿತು. ಮೊರ ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. ಹರಿದ ಕಿಸೆ, ಮಂಡಕ್ಕಿ, ತನ್ನ ಕೈಯ ಪೆಟ್ಟು ಎಲ್ಲವನ್ನೂ ಹಾಡಿ ಹಾಡಿ ಅವ್ವ ಅತ್ತಳು. ಎದುರಿಗೆ ಕುಳಿತು ಉಪದೇಶಿಗಳೂ ಅತ್ತರು.

ನೆರೆಮನೆಯ ಹೆಂಗಸರು ಗಾಬರಿಯಿಂದ ಓಡಿ ಬಂದರು. “ಏನಾತ್ರಿ? ಯಾರು ಹೋದ್ರು?”

“ಐದ ವರ್ಷದ ಹಿಂದ ಹೋದ ಹುಡುಗರಿ,” ಎಂದರು ಉಪದೇಶಿಗಳು. “ಇವತ್ತ ಅಳಾಕತ್ತೇವಿ. ಬರ್ರಿ, ಕುಂದರ್ರಿ.”

ಯಾರೂ ನಗಲಿಲ್ಲ. ಬಂದವರು ಕುಳಿತರು, ತಮ್ಮ ತಮ್ಮ ಸತ್ತವರನ್ನು ನೆನೆದು ಅವರೂ ಒಂದಿಷ್ಟು ಅತ್ತುಕೊಂಡರು. ಅಂದಿನ ಅನ್ನದಲ್ಲಿ ತುತ್ತಿಗೊಂದು ಕಲ್ಲು. ಅಕ್ಕಿ ಗಿರಣಿಯಿಂದ ದಣಿದು ಬಂದಿದ್ದ ಅಪ್ಪ ಅವ್ವನ ಊದಿದ ಕಣ್ಣು ನೋಡಿ, ಕಲ್ಲುಗಳನ್ನು ತಟ್ಟೆಯ ಅಂಚಿಗಿಡುತ್ತ ಉಂಡೆದ್ದ.

ಆಮೇಲೆ ಯಾರ ಮನೆಯಲ್ಲಿ ಸಾವಾದರೂ ಉಪದೇಶಿಗಳು ಪುಸ್ತಕ ಕಂಕುಳಲ್ಲಿಟ್ಟು ಹೊರಗೆ ನಿಲ್ಲುತ್ತಿದ್ದರು. “ಮದಲ ಅತ್ತಬಿಡ್ರಿ, ಆಮ್ಯಾಲ ಓದತೇನಿ.” ಹೆಂಡತಿ ಹೋದ ಮೇಲೆ ಮೆತ್ತಗಾದರು ಎಂದು ರಟ್ಟೀಹಳ್ಳಿಯಲ್ಲಿ ಯಾರೋ ಚುಚ್ಚಿದಾಗ, “ಹೌದ್ರಿ, ಆಗೇನಿ,” ಎಂದರಂತೆ. ತಪ್ಪಾಯಿತೆಂದು ಒಂದು ಹೆಣ್ಣುಮಗಳ ಮುಂದೆ ನೆಲದ ಮೇಲೆ ಕೂರುವ ಗಂಡಸರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಅವ್ವ ಮತ್ತೆ ಹಾಡಿದಳು, ನಕ್ಕಳು, ನನ್ನನ್ನು ಬಾಯ್ತುಂಬ ಬೈದಳು. ನನಗೆ ನನ್ನ ಅವ್ವನನ್ನು ತಿರುಗಿ ಕೊಟ್ಟವರು ಅವರು. ಆ ಋಣ ತೀರುವಂಥದ್ದಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಉಪದೇಶಿಗಳು ತೀರಿಕೊಂಡರು. ಆ ಸಲ ಪಾದ್ರಿಗಳು ಬಂದಿದ್ದರು, ಹೊಸಬರು. ಅವರು ಓದಲು ಪುಸ್ತಕ ತೆರೆದಾಗ ಅವ್ವ ಕೈಯೆತ್ತಿದಳು. “ತುಸು ತಡೀರಿ ಅಯ್ಯಾರ. ಮದಲ ನಮ್ಮದಾಗಲಿ.” ಉಪದೇಶಿಗಳು ಬದುಕಿರುವ ತನಕ ಅವಳು ರೀ ಹಚ್ಚದೆ ಅವರನ್ನು ಮಾತಾಡಿಸಿದವಳಲ್ಲ. ಅಂದು ತಲೆಯ ಹತ್ತಿರ ಕುಳಿತು, ಒಡಹುಟ್ಟಿದವನಿಗೆ ಹಾಡುವಂತೆ ಎತ್ತಿಕೊಂಡಳು:

“ಕಸಗೊಂಡ ಅಳು ನೀನ ತಂದು ಕೊಟ್ಟೆಲ್ಲೋ ನನ್ನಣ್ಣಾ, ನಿನಗ ಅಳದ ನಾ ಇನ್ಯಾರಿಗೆ ಅಳಲೋ...”

ಪಾದ್ರಿಗಳು ಪುಸ್ತಕ ಮುಚ್ಚಿ, ಅವಳ ಹಾಡು ಮುಗಿಯುವ ತನಕ ನಿಂತಿದ್ದರು.