ಮಡಚಿಕೊಳ್ಳುತ್ತಿದ್ದ ಎಡಗಡೆಯ ಕನ್ನಡಿ

ನನ್ನ ಮದುವೆಯಾಗಿ ಮೂರು ತಿಂಗಳಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಗಂಡನ ಮನೆ ಬೈಲಹೊಂಗಲದ ಹತ್ತಿರದ ಒಂದು ಹಳ್ಳಿ, ತವರು ರಾಮದುರ್ಗ. ಹೊಲದ ಮಾಲು ಪೇಟೆಗೆ ಒಯ್ಯಲೆಂದು ಮಾವನವರು ಒಂದು ಹಳೆಯ ಪಿಕಪ್ ಗಾಡಿ ತಂದಿದ್ದರು. ಬೆಳಿಗ್ಗೆ ಎತ್ತುಗಳ ಮೈ ತೊಳೆದ ಮೇಲೆ ಅದೇ ಕೈಯಲ್ಲಿ ಗಾಡಿಯ ಮೈಯನ್ನೂ ಒರೆಸುವಷ್ಟು ಅದರ ಮೇಲೆ ಅವರಿಗೆ ಜೀವ.

ಶ್ರಾವಣ ಹತ್ತಿರ ಬಂದಾಗ ಪೇಟೆಯ ಇಕ್ಕಟ್ಟಿನಲ್ಲಿ ಟ್ರ್ಯಾಕ್ಟರೊಂದು ಸವರಿಕೊಂಡು ಹೋಗಿ ಗಾಡಿಯ ಎಡಗಡೆಯ ಕನ್ನಡಿ ಸಡಿಲಾಯಿತು. ಗಾಜು ಒಡೆದಿರಲಿಲ್ಲ. ಆದರೆ ಗಾಡಿ ವೇಗ ಹಿಡಿದೊಡನೆ ಕನ್ನಡಿ ಗಾಳಿಗೆ ತಾನಾಗಿ ಹಿಂದಕ್ಕೆ ಮಡಚಿಕೊಂಡು ಬಾಗಿಲಿಗೆ ಅಂಟಿಕೊಳ್ಳುತ್ತಿತ್ತು. "ಕೈಯಾಗ ಗಾಡಿ ಕೊಟ್ರ ಹಿಂಗ ಮಾಡ್ಕೊಂಡ ಬರತಿ" ಎಂದು ನನ್ನ ಗಂಡನಿಗೆ ಹೇಳಿದ ಮಾವ ಆಮೇಲೆ ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಪಂಚಮಿಗೆ ನಾನು ತವರಿಗೆ ಹೋಗಬೇಕಿತ್ತು. ಕರೆಯಲು ಬರುವ ಅಣ್ಣತಮ್ಮಂದಿರು ನನಗಿಲ್ಲ. ಅಪ್ಪನಿಗೆ ಆಗಲೇ ಮೊಣಕಾಲು ನೋವು. ಹಾಗಾಗಿ ನನ್ನ ಗಂಡನೇ ಗಾಡಿಯಲ್ಲಿ ಬಿಟ್ಟುಬರುವುದೆಂದಾಯಿತು. ತುಂಬಿದ ಮನೆಯಲ್ಲಿ ನಾವಿಬ್ಬರೂ ಹಗಲು ಹೊತ್ತು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದೇ ಕಡಿಮೆ. ಆ ದಿನ ಇಬ್ಬರೇ ಒಂದು ಸೀಟಿನ ಎರಡು ತುದಿಗೆ ಕುಳಿತು ಹೊರಟೆವು.

ಊರು ದಾಟುತ್ತಲೇ ಕನ್ನಡಿ ಮಡಚಿಕೊಂಡಿತು.

"ಸ್ವಲ್ಪ ಕೈ ಹೊರಗ ಹಾಕಿ ಹಿಡಕೊಂಡು ಕುಂದ್ರತಿಯೇನು?" ಎಂದರು.

"ಹಿಡಕೋತೇನ್ರಿ, ನೀವು ನಡೀರಿ."

ಮೋಡ ಕವಿದ ಮುಂಜಾನೆ. ಕನ್ನಡಿಯ ತಣ್ಣನೆಯ ಅಂಚು ಅಂಗೈಯಲ್ಲಿ ನಡುಗುತ್ತಿತ್ತು. ಅದರೊಳಗೆ ಹೆಸರಿನ ಹೊಲಗಳು, ಬೇವಿನ ಗಿಡಗಳು, ನಡೆದುಹೋಗುವ ಹೆಣ್ಣುಮಕ್ಕಳು ಎಲ್ಲ ನಮ್ಮಿಂದ ಮೆಲ್ಲಗೆ ಹಿಂದೆ ಸರಿದು, ಸಣ್ಣಗಾಗಿ, ಇಲ್ಲವಾಗುತ್ತಿದ್ದರು. ಮುಂದಿನ ದಾರಿಯನ್ನು ನಾನು ನೋಡಲೇ ಇಲ್ಲ. ಕೈ ಸೋತು ಹಿಡಿತ ಬಿಟ್ಟರೆ ಕನ್ನಡಿ ಅರ್ಧ ಒಳಕ್ಕೆ ತಿರುಗಿ, ಒಂದು ಕ್ಷಣ ಅದರಲ್ಲಿ ನನ್ನ ಗಂಡನ ಮುಖ ಕಾಣುತ್ತಿತ್ತು. ನನಗೆ ಅವರು ಕಂಡರೆ ಅವರಿಗೂ ನಾನು ಕಂಡಿರಲೇಬೇಕು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಒಂದೆರಡು ಸಲ ಬೇಕೆಂದೇ ಕೈ ಸಡಿಲ ಬಿಟ್ಟೆ. ಗಾಡಿಯ ವೇಗ ಇಳಿಯಿತು.

ಮುರಗೋಡದಲ್ಲಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ಅಲ್ಲಿನ ಮೇಸ್ತ್ರಿ ಕನ್ನಡಿಯ ತೋಳಿನ ಕೆಳಗಿನ ನಟ್ಟನ್ನು ಇಕ್ಕಳದಿಂದ ಹಿಡಿದು ತಿರುವಿ, "ಇನ್ನ ಅಳಗ್ಯಾಡಂಗಿಲ್ಲ ತಗೋರಿ" ಎಂದರು. ಅರ್ಧ ತಾಸು ಅಳಗ್ಯಾಡಲಿಲ್ಲ. ಸಿರಸಂಗಿಯ ಕಡೆಯ ದಾರಿಯಲ್ಲಿ ಎದುರಿನಿಂದ ಬಂದ ಲಾರಿಯ ಗಾಳಿಗೆ ಕನ್ನಡಿ ಫಟ್ಟನೆ ಬಾಗಿಲಿಗೆ ಬಡಿಯಿತು. ನನ್ನ ಗಂಡ ಗಾಡಿಯನ್ನು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕುಳಿತರು. ಹೀಗೇ ಮನೆಗೆ ಹೋದರೆ ತಮ್ಮ ಅಪ್ಪನ ಮುಖ ಹೇಗಿರುತ್ತದೆ ಎಂದು ಅವರು ಯೋಚಿಸುತ್ತಿದ್ದದ್ದು ನನಗೆ ತಿಳಿಯಿತು.

"ನಾ ಒಮ್ಮಿ ನೋಡ್ಲೇನ್ರಿ?" ಎಂದೆ.

"ನೀನಾ?"

"ನಮ್ಮಪ್ಪ ಹೊಲಿಗಿ ಮಿಷಿನ್ ರಿಪೇರಿ ಮಾಡೂದು ನಿಮಗ ಗೊತ್ತದಲ್ರಿ. ನಾನೂ ಅವನ ಮುಂದ ಕುಂತು ಕಲತೇನಿ."

ಅಪ್ಪನ ಕಸುಬು ಅವರಿಗೆ ಗೊತ್ತಿತ್ತು. ನಾನು ಕಲಿತದ್ದು ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗ ಅಡುಗೆ, ಕಸೂತಿ ಕೇಳಿದ್ದರೇ ಹೊರತು ಇದನ್ನು ಯಾರೂ ಕೇಳಿರಲಿಲ್ಲ. ಅವರು ಸೀಟಿನ ಹಿಂದಿನ ಚೀಲದಿಂದ ನಟ್ಟು ತಿರುವುವ ಪಾನಾ, ಪಕ್ಕಡ ತೆಗೆದುಕೊಟ್ಟರು. "ಗಾಜು ಸಂಭಾಳಿಸು" ಎಂದಷ್ಟೇ ಹೇಳಿದರು.

ಸಡಿಲಾದದ್ದನ್ನು ಬಿಗಿ ಮಾಡುವ ಮೊದಲು ಅದು ಯಾಕೆ ಸಡಿಲಾಯಿತು ನೋಡು ಎಂದು ಅಪ್ಪ ಹೇಳುತ್ತಿದ್ದ. ಸೆರಗು ಸಿಕ್ಕಿಸಿಕೊಂಡು ನಟ್ಟು ಬಿಚ್ಚಿದೆ. ಒಳಗಿನ ಸ್ಪ್ರಿಂಗು ಜಿಗಿಯದಂತೆ ಸೆರಗಿನ ತುದಿಯನ್ನು ಅಡ್ಡ ಹಿಡಿದೆ. ಸ್ಪ್ರಿಂಗಿನ ಕೆಳಗಿನ ವಾಶರ್ ಎರಡು ತುಂಡಾಗಿತ್ತು. ಅದಕ್ಕೇ ಎಷ್ಟು ತಿರುವಿದರೂ ಸ್ಪ್ರಿಂಗಿಗೆ ಬಿಗಿ ಸಿಗುತ್ತಿರಲಿಲ್ಲ. ಚೀಲದಲ್ಲಿದ್ದ ವಾಶರ್‌ಗಳಲ್ಲಿ ಅಳತೆಗೆ ಸರಿಹೋದ ಎರಡನ್ನು ಒಂದರ ಮೇಲೊಂದು ಹಾಕಿದೆ. ನಟ್ಟು ಮತ್ತೆ ಹಿಂದಕ್ಕೆ ಬರಬಾರದಲ್ಲ. ತವರಿನಲ್ಲಿ ಹೊಲಿಯಲೆಂದು ಒಯ್ಯುತ್ತಿದ್ದ ಕುಪ್ಪಸದ ಬಟ್ಟೆಯ ಜೊತೆ ಗಟ್ಟಿ ದಾರದ ಉಂಡೆ ಇತ್ತು. ಅದರಿಂದ ಒಂದು ಮೊಳ ಕಡಿದು ಬೋಲ್ಟಿನ ಸುತ್ತುಗಳಲ್ಲಿ ಒತ್ತಾಗಿ ಸುತ್ತಿ, ಅದರ ಮೇಲೆ ನಟ್ಟು ಏರಿಸಿದೆ. ಕೊನೆಯ ಎರಡು ಸುತ್ತಿಗೆ ನನ್ನ ಕೈಬಲ ಸಾಲಲಿಲ್ಲ.

"ಇಷ್ಟ ತಿರುವಿ ಕೊಡ್ರಿ. ಭಾಳ ಬ್ಯಾಡ. ಕೈಯಿಂದ ಮಡಚಿದ್ರ ಮಡಚಬೇಕು, ಗಾಳಿಗೆ ಮಡಚಬಾರದು."

ಪಾನಾದ ಮೇಲೆ ನಮ್ಮಿಬ್ಬರ ಕೈಗಳೂ ಇದ್ದವು. ಮರದಿಂದ ಸಣ್ಣ ಎಲೆಗಳು ಉದುರಿ ಅವರ ಕೂದಲಲ್ಲಿ ಸಿಕ್ಕಿದ್ದವು. ದೂರದಲ್ಲಿ ಎಲ್ಲೋ ಯಾರೋ ಎತ್ತಿಗೆ ಹೋ ಹೋ ಎನ್ನುತ್ತಿದ್ದರು. ಆ ಹೊತ್ತು ಎಷ್ಟಿತ್ತೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಹತ್ತು ನಿಮಿಷವೂ ಆಗಿರಬಹುದು, ಇಡೀ ಮಧ್ಯಾಹ್ನವೂ ಆಗಿರಬಹುದು.

ತೊರಗಲ್ ಕೋಟೆ ಕಾಣುವವರೆಗೂ ಅವರು ಬೇಕೆಂದೇ ಗಾಡಿ ಜೋರಾಗಿ ಹೊಡೆದರು. ಕನ್ನಡಿ ಮಿಸುಕಲಿಲ್ಲ. ಈಗ ಅದರಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ನಾನು ಕತ್ತು ತಿರುಗಿಸಿ ನೇರವಾಗಿಯೇ ನೋಡಿದೆ. ಅವರು ನಗುತ್ತಿದ್ದರು. ಅಲ್ಲಿಂದ ರಾಮದುರ್ಗದವರೆಗೆ ಒಂದೇ ಸಮ ಮಾತು: ಅವರ ಶಾಲೆಯ ದಿನಗಳು, ನನ್ನ ಅಪ್ಪ ರಿಪೇರಿಗೆ ಹಳ್ಳಿ ಸುತ್ತುತ್ತಿದ್ದ ಸೈಕಲ್ಲು, ಯಾವ ಹಳ್ಳಿಯ ಸಿಂಪಿಗರ ಮಿಷಿನ್ನು ಯಾಕೆ ಕೆಡುತ್ತಿತ್ತು ಎಂಬುದೂ.

ವಾರದ ಮೇಲೆ ಮರಳಿ ಬಂದೆ. ನನ್ನನ್ನು ಬಿಟ್ಟು ಗಂಡ ಊರಿಗೆ ಮರಳಿದ ದಿನವೇ ಮಾವ ಕನ್ನಡಿಯನ್ನು ಅಲುಗಿಸಿ ನೋಡಿ, "ಯಾವ ಗ್ಯಾರೇಜಿನ್ಯಾಗ ಮಾಡಿಸಿದಿ?" ಎಂದು ಕೇಳಿದರಂತೆ. ನನ್ನ ಗಂಡ, "ನಿಮ್ಮ ಸೊಸಿ ಮಾಡ್ಯಾಳ" ಎಂದರಂತೆ. ಮಾವ ತಟ್ಟನೆ ತಿರುಗಿ ದನದ ಕಡೆ ಹೋದರಂತೆ. ಇದನ್ನು ಕೇಳಿ ನನಗೆ ಒಳಗೊಳಗೇ ಹೆದರಿಕೆ. ಎರಡು ದಿನ ಮಾವನವರ ಎದುರಿಗೆ ಬರದಂತೆ ಓಡಾಡಿದೆ.

ಮೂರನೆಯ ದಿನ ಇಳಿಹೊತ್ತಿನಲ್ಲಿ ಅಡುಗೆಮನೆಯ ಹೊಸ್ತಿಲ ಹೊರಗೆ ಏನೋ ಇಟ್ಟ ಸದ್ದಾಯಿತು. ಬೆಳೆಗೆ ಔಷಧ ಹೊಡೆಯುವ ಪಂಪು. ಪಕ್ಕದಲ್ಲಿ ಮಾವ ನಿಂತಿದ್ದರು.

"ನೋಡವಾ, ಇದು ಯಾಕೋ ಗಾಳಿ ಹಿಡಿಯವಲ್ತು" ಎಂದರು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನಾನು ಹೊರಗೆ ಬಂದು ಕುಳಿತು ಹಿಡಿಕೆ ಬಿಚ್ಚಿದೆ. ಒಳಗಿನ ಚರ್ಮದ ಬಿಲ್ಲೆ ಒಣಗಿ ಮುದುರಿಕೊಂಡಿತ್ತು.

"ಇದಕ್ಕ ಎಣ್ಣಿ ಬೇಕ್ರಿ, ಮಾವಾರ. ಒಂದು ರಾತ್ರಿ ನೆನೀಲಿ."

ನಾನು ಏಳುವಷ್ಟರಲ್ಲಿ ಅವರು, "ನೀ ಕುಂದ್ರು" ಎಂದು ತಾವೇ ಒಳಗೆ ಹೋದರು. ಅವರು ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಡಬ್ಬಿಗಳ ಮುಚ್ಚಳ ತೆರೆದು ಮುಚ್ಚಿದ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಅವರು ಸಣ್ಣ ದನಿಯಲ್ಲಿ ಅತ್ತೆಯನ್ನು ಕೇಳಿದರು:

"ಎಣ್ಣಿ ಎಲ್ಲಿ ಇಟ್ಟಿರತಿ ನೀ?"