ಮಣ್ಣಿನ ಗೋಡೆಯ ಚೌಕಾಶಿ

ಕಾಪುವಿನಿಂದ ಉಡುಪಿಗೆ ಹೊರಟವನು ಗುಳ್ಳ ಬದನೆ ಕೊಳ್ಳಲು ಮಟ್ಟುವಿನಲ್ಲಿ ಇಳಿದೆ. ಗದ್ದೆಯ ಪಂಪ್‌ಶೆಡ್ಡಿನ ಮಣ್ಣಿನ ಗೋಡೆಗೆ ಅಡ್ಡವಾಗಿ ಒಬ್ಬಳು ಹುಡುಗಿ ನಿಂತಿದ್ದಳು. ಎದುರಿಗೆ ಸಿಮೆಂಟು ಕಲಸಿಟ್ಟುಕೊಂಡು ಗದ್ದೆಯ ಒಡತಿ ಗಿರಿಜಕ್ಕ.

“ಕಡಲಿನ ಉಪ್ಪುನೀರು ನುಗ್ಗಿ ಗೋಡೆ ಕರಗ್ತಾ ಉಂಟು. ಸಾರಣೆ ಮಾಡುವುದು ಬೇಡ್ವಾ, ನೀವೇ ಹೇಳಿ,” ಎಂದು ಗಿರಿಜಕ್ಕ ನನ್ನತ್ತ ತಿರುಗಿದರು.

“ಇವತ್ತೇ ಮಾಡಿ,” ಎಂದೆ. ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ.

ಹುಡುಗಿಯ ಮುಖ ಬಾಡಿತು. ಮಣಿಪಾಲದಿಂದ ಬಂದು ಬದನೆ ಹೂವನ್ನೂ ಅದಕ್ಕೆ ಬರುವ ಹುಳಗಳನ್ನೂ ಅಧ್ಯಯನ ಮಾಡುವವಳಂತೆ. ಪಕ್ಕಕ್ಕೆ ಸರಿದು ಗೋಡೆಯ ತೂತುಗಳನ್ನು ತೋರಿಸಿದಳು. ಒಂದರಿಂದ ನೀಲಿ ಪಟ್ಟೆಯ ಜೇನುಹುಳ ಹೊರಬಂದು, ಪಕ್ಕದ ಗಿಡದ ಬದನೆ ಹೂವನ್ನು ತಬ್ಬಿ ಮೈ ನಡುಗಿಸಿತು, ಪರಾಗ ಉದುರಿತು.

“ಇವುಗಳ ಮನೆ ಇಲ್ಲೇ. ಇವು ಹೀಗೆ ನಡುಗಿಸಿದರೇ ಕಾಯಿ ಚೆನ್ನಾಗಿ ಕಚ್ಚುವುದು,” ಎಂದಳು.

ನಾನು ತಕ್ಷಣ ಪಕ್ಷ ಬದಲಿಸಿದೆ. “ಗಿರಿಜಕ್ಕ, ಪೂರ್ತಿ ಬೇಡ. ಉಪ್ಪುನೀರು ಮುಟ್ಟುವ ಬುಡಕ್ಕೆ ಮಾತ್ರ ಹಾಕಿ, ಮೊಣಕಾಲಿನವರೆಗೆ.”

“ಸೊಂಟದವರೆಗೆ.”

“ಮೊಣಕಾಲು. ನಿಮಗೆ ಕಾಯಿ ಬೇಡ್ವಾ?”

“ನೀವು ಬದನೆ ಕೊಳ್ಳಲು ಬಂದದ್ದೋ, ಹುಳಗಳ ವಕೀಲರಾಗಿ ಬಂದದ್ದೋ ಮಾರಾಯ್ರೆ?”

ನಗುತ್ತಲೇ ಗಿರಿಜಕ್ಕ ಕರಣೆಯಿಂದ ಮೊಣಕಾಲಿನ ಎತ್ತರಕ್ಕೆ ಗೆರೆ ಎಳೆದರು. ಗೆರೆಗೆ ಒಂದು ತೂತು ಸಿಕ್ಕಿತು. ಬಗ್ಗಿ ಒಳಗೆ ನೋಡಿದರು. ಗೆರೆಯನ್ನು ಅಂಗೈಯಿಂದ ಒರೆಸಿ, ಎರಡಂಗುಲ ಕೆಳಗೆ ಮತ್ತೆ ಎಳೆದರು.